ಬಲೆ ಹರವುವ ಅಂಗಳ ಮತ್ತು ನಮ್ಮ ಎಂಜಿನಿಯರ್ ಮೇಡಂ

ಹಡಗುಗಳು ಬರುವುದನ್ನು ನಿಲ್ಲಿಸಿದ ಸಣ್ಣ ಬಂದರು ಪಟ್ಟಣಗಳಿಗೆ ಮತ್ತೆ ಜೀವ ತುಂಬುವ ವಿದ್ಯೆಯಲ್ಲಿ, ಕಡಲನ್ನು ಊರಿಗೂ ಊರನ್ನು ಕಡಲಿಗೂ ಮರಳಿ ಪರಿಚಯಿಸುವ ಕೆಲಸದಲ್ಲಿ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಪುರಸಭೆಯ ಎಂಜಿನಿಯರ್ ಮೇಡಂ ಅವರಿಗೆ ಸರಿಸಾಟಿಯಾದವರು ಭೂಮಂಡಲದಲ್ಲೇ ಇಲ್ಲ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಭೂಮಂಡಲವನ್ನು ನಾನು ಪೂರ್ತಿಯಾಗಿ ನೋಡಿಲ್ಲ ಎಂಬುದು ಬೇರೆ ಮಾತು. ಆದರೆ ಅದರ ನಕ್ಷೆಯನ್ನು ಬೇಕಾದಷ್ಟು ಸಲ ನೋಡಿದ್ದೇನೆ, ನಕ್ಷೆಗಾರನಿಗೆ ಅಷ್ಟು ಸಾಕು. ಮೇಡಂ ಅವರ ಕೈಕೆಳಗೆ ಇಡೀ ಸೇವಾವಧಿಯನ್ನು ಕಳೆದ ನಕ್ಷೆಗಾರ ನಾನು. ನಾನು ಎಳೆದ ಗೆರೆಗಳನ್ನು ಕಂಡು ಎದುರಿನ ದಿಗಂತವೇ ನಾಚಿ ತನ್ನ ಸೊಟ್ಟವನ್ನು ಸರಿಪಡಿಸಿಕೊಳ್ಳುತ್ತಿತ್ತು ಎಂದು ಹಿರಿಯರು ಹೇಳುತ್ತಿದ್ದರು. ಆ ಹಿರಿಯರು ಯಾರೆಂದು ಈ ಅಭಿನಂದನ ಗ್ರಂಥದ ಸಂಪಾದಕರು ಕೇಳಬಾರದಾಗಿ ವಿನಂತಿ.

ಮೇಡಂ ನಮ್ಮ ಕಚೇರಿಗೆ ಬಂದಾಗ ಊರಿಗೂ ನೀರಿಗೂ ನಡುವೆ ಒಂದು ಕಬ್ಬಿಣದ ಬೇಲಿಯಿತ್ತು. ಅದಕ್ಕೆ ಹಿಡಿದಿದ್ದ ತುಕ್ಕನ್ನು ಕೆರೆದು ಕೂಡಿಹಾಕಿದ್ದರೆ ಇನ್ನೊಂದು ಹಡಗನ್ನೇ ಕಟ್ಟಬಹುದಿತ್ತು. ಬೇಲಿಯಾಚೆ ಬೀಗ ಹಾಕಿದ ಗೋದಾಮುಗಳು, ಗೋದಾಮುಗಳಾಚೆ ಹಡಗು ನಿಲ್ಲುವ ಧಕ್ಕೆ, ಧಕ್ಕೆಯಾಚೆ ಕಡಲು. ಕಡಲ ಊರಿನಲ್ಲೇ ಹುಟ್ಟಿ ಬೆಳೆದ ನಾವು ಕಡಲನ್ನು ನೋಡಬೇಕಾದರೆ ಮಾಳಿಗೆ ಹತ್ತಬೇಕಿತ್ತು. ಬಂದ ಮೊದಲ ವಾರವೇ ಮೇಡಂ ಆ ಬೇಲಿಯ ಗೇಟಿನ ಬೀಗದ ಕೈ ಕೇಳಿದರು. ಅದು ಯಾರ ಬಳಿಯೂ ಇರಲಿಲ್ಲ. ಬೀಗ ಒಡೆಸಿದರು. ಒಂದು ಸಣ್ಣ ಬೀಗ ಬಿದ್ದ ಸದ್ದಿಗೆ ಇಡೀ ಪೇಟೆಯೇ ಎದ್ದು ಕುಳಿತಿತು ಎಂದರೆ ಉತ್ಪ್ರೇಕ್ಷೆಯಾದೀತು. ಅರ್ಧ ಪೇಟೆ ಎಂದಿಟ್ಟುಕೊಳ್ಳೋಣ.

ಅವರ ಮನೆಯನ್ನು ಬಲ್ಲವರು ಅವರ ಕೆಲಸದ ಗುಟ್ಟನ್ನೂ ಬಲ್ಲರು. ಗಡಿಯಾರ ರಿಪೇರಿಯ ಅಂಗಡಿಯ ಮೇಲಿನ ಎರಡು ಕೋಣೆಗಳ ಮನೆ ಅದು. ಕೆಳಗೆ ಮೇಡಂ ಅವರ ಯಜಮಾನರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಯಷ್ಟು ಹಲ್ಲಿನ ಚಕ್ರಗಳೊಡನೆ ಸೆಣಸುತ್ತಿದ್ದರೆ, ಮೇಲೆ ಮಗಳ ಪುಸ್ತಕಗಳನ್ನು ಮೂಲೆಗೆ ತಳ್ಳಿ ಊಟದ ಮೇಜಿನ ತುಂಬ ಊರಿನ ನಕ್ಷೆ ಹರಡಿರುತ್ತಿತ್ತು. ನಕ್ಷೆ ಎತ್ತದೆ ತಟ್ಟೆ ಇಡುವಂತಿಲ್ಲ, ತಟ್ಟೆ ಎತ್ತದೆ ನಕ್ಷೆ ಹಾಸುವಂತಿಲ್ಲ. ಅವರ ಅತ್ತೆಯವರು ನನ್ನನ್ನು ಕಂಡಾಗಲೆಲ್ಲ ಒಂದೇ ದೂರು ಹೇಳುತ್ತಿದ್ದರು: "ನೋಡಪ್ಪಾ, ಊರಿನ ಚರಂಡಿನೆಲ್ಲ ಸರಿ ಮಾಡ್ತಾಳೆ ನನ್ನ ಸೊಸೆ. ನಮ್ಮ ಅಡುಗೆಮನೆ ನಲ್ಲಿ ಮಾತ್ರ ನಾನು ಈ ಮನೆಗೆ ಬಂದಾಗಿಂದ ಅಳ್ತಾನೇ ಇದೆ." ಮೇಡಂ ಒಳಗಿನಿಂದಲೇ, "ಅದಕ್ಕೆ ಟೆಂಡರ್ ಕರೀಬೇಕು ಅತ್ತೆ, ಹಾಗೆಲ್ಲ ಮುಟ್ಟೋ ಹಾಗಿಲ್ಲ" ಎನ್ನುತ್ತಿದ್ದರು.

ನನ್ನ ತಂದೆಯವರು ಅದೇ ಗೋದಾಮುಗಳ ಕಾವಲುಗಾರರಾಗಿದ್ದವರು. ಮೇಡಂ ಆ ಬೇಲಿಯನ್ನೇ ತೆಗೆಸಿದ ಮೇಲೆ ಅವರಿಗೆ ಮತ್ತೆ ನೀರಿನವರೆಗೂ ಹೋಗುವ ಆಸೆ, ಆದರೆ ಅರ್ಧದಾರಿಗೇ ಮೊಣಕಾಲು ಮುಷ್ಕರ ಹೂಡುತ್ತಿತ್ತು. ಇದನ್ನು ನಾನು ಮೇಡಂ ಅವರಿಗೆ ಹೇಳಿರಲಿಲ್ಲ. ಒಂದು ಸಂಜೆ ಅಪ್ಪ ಯಾರದೋ ಅಂಗಡಿಯ ಕಟ್ಟೆ ಹಿಡಿದು ನಿಂತದ್ದನ್ನು ಅವರೇ ನೋಡಿದ್ದರು. ಮುಂದಿನ ವಾರ ಸರಿಯಾಗಿ ಆ ಜಾಗದಲ್ಲಿ ಒಂದು ಬೆಂಚು ಬಂತು. ಹೀಗೆ ಊರಿನ ಯಾವ ಮುದುಕರ ಯಾವ ಮೊಣಕಾಲು ಎಲ್ಲಿ ಕೈಕೊಡುತ್ತದೆ ಎಂದು ನೋಡಿ ನೋಡಿ ಬೆಂಚು ಹಾಕಿಸಿದ ಎಂಜಿನಿಯರ್ ಚರಿತ್ರೆಯಲ್ಲಿ ಮತ್ತೊಬ್ಬರಿಲ್ಲ. ಅಪ್ಪ ಕೊನೆಯವರೆಗೂ ಅದರ ಮೇಲೆ ಬೇರೆ ಯಾರಾದರೂ ಕುಳಿತಿದ್ದರೆ ಸಿಂಹಾಸನ ಕಳೆದುಕೊಂಡ ರಾಜನಂತೆ ಗುರುಗುಟ್ಟುತ್ತಿದ್ದರು.

ಇನ್ನು ಅವರ ಕಾರ್ಯವಿಧಾನದ ಮಾತು. ಕಾಗದದ ಮೇಲಿನ ನಕ್ಷೆ ಜನರಿಗೆ ಅರ್ಥವಾಗುವುದಿಲ್ಲ ಎಂಬುದು ಅವರ ದೃಢವಾದ ನಂಬಿಕೆ. ನನ್ನಂಥ ಕಲಾವಿದನಿಗೆ ಇದು ಘೋರ ಅವಮಾನವಾದರೂ ಸಹಿಸಿಕೊಂಡೆ. ಆದ್ದರಿಂದ ಏನನ್ನೇ ಕಟ್ಟುವ ಮೊದಲು ಅದನ್ನು ಇರಬೇಕಾದಷ್ಟೇ ಗಾತ್ರದಲ್ಲಿ ನೆಲದ ಮೇಲೆ ಸುಣ್ಣದ ಪುಡಿಯಿಂದ ಬರೆಸುತ್ತಿದ್ದರು. ಇಲ್ಲಿ ದಾರಿ, ಇಲ್ಲಿ ಮೆಟ್ಟಿಲು, ಇಲ್ಲಿ ಮರದ ನೆರಳು. ಕೆಲವು ವಾರ ಜನ ಆ ಗೆರೆಗಳ ನಡುವೆ ಓಡಾಡಬೇಕು, ಎಡವಬೇಕು, ಬೈಯಬೇಕು. ಆಮೇಲಷ್ಟೇ ಕಲ್ಲು, ಗಾರೆ. ಮೀನಿನ ಮಾರುಕಟ್ಟೆಯ ಮಾಡು, ದೋಣಿ ಹತ್ತುವ ಮೆಟ್ಟಿಲು, ಗೋದಾಮಿನೊಳಗಿನ ವಾಚನಾಲಯ, ಹೊರಗಿನಿಂದ ಬರುವವರು ತಂಗುವ ಕೋಣೆಗಳು, ಎಲ್ಲವೂ ಮೊದಲು ಸುಣ್ಣವಾಗಿ ಹುಟ್ಟಿದವು. ನನ್ನ ಅಂಗಿಗಳೆಲ್ಲ ಬೆಳ್ಳಗಾದವು. ಮನೆಯಲ್ಲಿ ನನ್ನಾಕೆ, "ಆಫೀಸಿಗೆ ಹೋಗ್ತೀರೋ, ಗೋಡೆ ಬಳಿಯೋಕೆ ಹೋಗ್ತೀರೋ?" ಎಂದು ಕೇಳುತ್ತಿದ್ದಳು.

ಇಂಥ ವಿಧಾನ ಎಡವುವುದುಂಟೇ? ಒಮ್ಮೆ ಎಡವಿತು, ಚೆನ್ನಾಗಿಯೇ ಎಡವಿತು. ಅಭಿನಂದನ ಗ್ರಂಥದಲ್ಲಿ ತಪ್ಪಿನ ಪ್ರಸ್ತಾಪ ಬೇಡವೆಂದು ಸಂಪಾದಕ ಮಿತ್ರರು ಸೂಕ್ಷ್ಮವಾಗಿ ಸೂಚಿಸಿದರು. ಆದರೆ ಆ ತಪ್ಪನ್ನು ಬಿಟ್ಟು ಮೇಡಂ ಅವರನ್ನು ಹೊಗಳುವುದೆಂದರೆ ಕಡಲನ್ನು ಬಿಟ್ಟು ಬಂದರನ್ನು ಹೊಗಳಿದಂತೆ.

ಧಕ್ಕೆಯ ನಟ್ಟನಡುವೆ ಒಂದು ವಿಶಾಲವಾದ ಬಯಲಿದೆ. ಅಲ್ಲಿ ನಿಂತರೆ ಬಂದರಿನ ಬಾಯಿ, ದೀಪಸ್ತಂಭ, ಸೂರ್ಯಾಸ್ತ ಮೂರೂ ಒಟ್ಟಿಗೇ ಕಾಣುತ್ತವೆ. ಪ್ರವಾಸಿಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬ್ರಹ್ಮಾಂಡದಲ್ಲಿಲ್ಲ. ಪುರಸಭೆಯ ಅಧ್ಯಕ್ಷರಿಗೆ ಅಲ್ಲೊಂದು ಬಣ್ಣದ ಕಾರಂಜಿ, ಅದರ ಹಿಂದೊಂದು ರಂಗವೇದಿಕೆ ಆಗಬೇಕೆಂಬ ಕನಸು. ಮೇಡಂ ಅವರಿಗೂ ಅದು ಒಪ್ಪಿಗೆಯಾಯಿತು. ನಾವು ಅಳತೆಗೆ ಹೋದಾಗಲೆಲ್ಲ ಬಯಲು ಖಾಲಿ. ನಾನು ಬಾಗಿ, ಬೆವರಿ, ಜಗತ್ತಿನ ಅತಿ ದುಂಡನೆಯ ಸುಣ್ಣದ ವೃತ್ತವನ್ನು ಅಲ್ಲಿ ಬರೆದೆ. ಮೀನಿನ ಸುಗ್ಗಿಯ ತಿಂಗಳುಗಳವು. ಪೇಟೆಯವರು ಬಂದರು, ನಡೆದರು, ತಲೆದೂಗಿದರು. ಯಾರೂ ಬೇಡವೆನ್ನಲಿಲ್ಲ. ಸಭೆಯಲ್ಲಿ ಒಪ್ಪಿಗೆಯಾಯಿತು, ಕಾಮಗಾರಿಯ ಆದೇಶವಾಯಿತು, ಉದ್ಘಾಟನೆಗೆ ಯಾರನ್ನು ಕರೆಯಬೇಕೆಂಬ ಜಗಳವೂ ಶುರುವಾಯಿತು. ಇದೇ ಯೋಜನೆಯ ಬಲದ ಮೇಲೆ ಮೇಡಂ ಅವರಿಗೆ ರಾಜಧಾನಿಯ ದೊಡ್ಡ ಕಚೇರಿಯಲ್ಲಿ ಮುಖ್ಯಸ್ಥರ ಹುದ್ದೆ ಖಚಿತವೆಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು.

ಕಲ್ಲು ಹೊತ್ತ ಲಾರಿಗಳು ಬಂದ ಬೆಳಿಗ್ಗೆ ಬಯಲು ಖಾಲಿ ಇರಲಿಲ್ಲ. ಮೀನುಗಾರಿಕೆಯ ಬಿಡುವಿನ ತಿಂಗಳು ಶುರುವಾಗಿತ್ತು. ದೋಣಿಗಳೆಲ್ಲ ದಡಕ್ಕೆ ಬಂದಿದ್ದವು. ಅವುಗಳ ಬಲೆಗಳೆಲ್ಲ ಆ ಬಯಲಿಗೆ ಬಂದಿದ್ದವು. ಹಸಿರು, ನೀಲಿ, ಕಂದು ಬಲೆಗಳು ಗದ್ದೆಯಂತೆ ಹರಡಿದ್ದವು. ಅವುಗಳ ನಡುವೆ ಹೆಂಗಸರೂ ಗಂಡಸರೂ ಕಾಲು ಚಾಚಿ ಕುಳಿತು ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದರು. ಅವರ ಮುಂದಾಳು, ಊರೆಲ್ಲ ಸೂಜಿಯಕ್ಕ ಎಂದು ಕರೆಯುವ ಹೆಂಗಸು. ಬಲೆ ಹೆಣೆಯುವ ಮರದ ಸೂಜಿಗಿಂತ ಅವಳ ನಾಲಿಗೆ ಹೆಚ್ಚು ಮೊನಚೆಂದು ಆ ಹೆಸರು.

"ಏನಮ್ಮಾ, ಇದನ್ನೆಲ್ಲ ಎತ್ತಿ, ಕೆಲಸ ಶುರು ಮಾಡ್ಬೇಕು" ಎಂದ ಗುತ್ತಿಗೆದಾರ.

"ಎತ್ತಿ ಎಲ್ಲಿ ಹಾಕ್ಲಪ್ಪಾ? ನಿನ್ನ ಬೋಳುತಲೆ ಮೇಲೆ ಒಣಗಿಸ್ಲಾ?"

ಸುದ್ದಿ ಮುಟ್ಟಿ ನಾವಿಬ್ಬರೂ ಓಡಿದೆವು. ಮೇಡಂ ಬಲೆಗಳ ಅಂಚಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕುಕ್ಕರುಗಾಲಲ್ಲಿ ಕುಳಿತರು.

"ಅಕ್ಕಾ, ಅಷ್ಟು ದಿನ ಗೆರೆ ಹಾಕಿಟ್ಟಿದ್ವಲ್ಲ, ಒಂದು ಮಾತು ಹೇಳೋದಲ್ವಾ?"

"ಗೆರೆನಾ? ಮಕ್ಕಳ ಆಟಕ್ಕೆ ಹಾಕಿದ್ದೀರಿ ಅಂದ್ಕೊಂಡ್ವಿ. ಪಾಪ, ಚೆನ್ನಾಗಿ ಆಡಿದ್ವು. ಔಟಾದವನು ದುಂಡಗಿರೋದ್ರಿಂದ ಆಚೆ ಹೋಗ್ಬೇಕಿತ್ತು."

ಜಗತ್ತಿನ ಅತಿ ದುಂಡನೆಯ ವೃತ್ತಕ್ಕೆ ಒದಗಿದ ಗತಿಗೆ ಬಲೆ ಹೆಣೆಯುತ್ತಿದ್ದವರೆಲ್ಲ ನಕ್ಕರು. ಮೇಡಂ ಮಾತ್ರ ನಗಲಿಲ್ಲ. "ಸುಗ್ಗಿಯುದ್ದಕ್ಕೂ ಖಾಲಿ ಬಿದ್ದಿತ್ತಲ್ಲಕ್ಕಾ ಈ ಜಾಗ" ಎಂದರು.

"ಬಲೆ ಕಡಲಲ್ಲಿದ್ರೆ ಅಂಗಳ ಖಾಲಿ ಇರದೆ ಇನ್ನೇನ್ ಮಾಡುತ್ತೆ? ನೀವು ಆಫೀಸಿಗೆ ಹೋದಾಗ ನಿಮ್ಮ ಮನೆ ಖಾಲೀನೇ ಇರುತ್ತೆ ಮೇಡಂ. ನಾನು ಹೋಗಿ ಕಾರಂಜಿ ಕಟ್ಕೊಳ್ಳಾ?"

ನಾವಿಬ್ಬರೂ ಕಚೇರಿಗೆ ಮರಳಿ ಹೊರಟೆವು. ನಾನೇ, ಲೋಕದ ಸಕಲ ವ್ಯವಹಾರವನ್ನೂ ಅರೆದು ಕುಡಿದವನಾದ್ದರಿಂದ, ಉಪಾಯ ಸೂಚಿಸಿದೆ: "ನಾವು ಕೇಳಿದ್ವಿ, ಯಾರೂ ಆಕ್ಷೇಪಿಸಲಿಲ್ಲ ಅಂತ ಸಭೇಲಿ ಹೇಳಿದ್ರಾಯ್ತು ಮೇಡಂ. ಸುಳ್ಳೇನಲ್ವಲ್ಲ. ಅವರಿಗೆ ಆಚೆ ಗುಡ್ಡದ ಹತ್ರ ಎಲ್ಲಾದ್ರೂ ಜಾಗ ಕೊಡೋಣ."

"ಗುಡ್ಡದವರೆಗೆ ಬಲೆ ಹೊತ್ಕೊಂಡು ಹೋಗೋದ್ಯಾರು, ನೀವಾ?" ಎಂದರು. ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ, "ಕೇಳಿದ್ದೇನೋ ಹೌದು. ಹೇಳಬೇಕಾದವರು ಕಡಲಲ್ಲಿದ್ದಾಗ ಕೇಳಿದ್ವಿ" ಎಂದರು.

ಆ ವಾರದ ಸಭೆಯಲ್ಲಿ ಅವರು ಎದ್ದುನಿಂತು ಆಡಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ, ಏಕೆಂದರೆ ಅದಕ್ಕೆ ಮೊದಲಾಗಲಿ ಆಮೇಲಾಗಲಿ ಯಾವ ಸರ್ಕಾರಿ ಸಭೆಯಲ್ಲೂ ನಾನದನ್ನು ಕೇಳಿಲ್ಲ. "ತಪ್ಪು ನನ್ನದು. ಬಳಕೆಯಲ್ಲಿರೋ ಜಾಗಾನ ಖಾಲಿ ಜಾಗ ಅಂತ ಬರೆದುಕೊಟ್ಟೆ. ಬಲೆ ಅಂಗಳ ಎಲ್ಲಿದೆಯೋ ಅಲ್ಲೇ ಇರಬೇಕು. ನಕ್ಷೆ ಬದಲಾಯಿಸಿ ಕೊಡ್ತೀನಿ."

ಅಧ್ಯಕ್ಷರು ಕೆಂಡವಾದರು. "ಈಗ ಹೇಳ್ತೀರಲ್ಲ ಮೇಡಂ! ಕಾರಂಜಿ ಎಲ್ಲಿ ಹಾಕ್ಲಿ? ನಮ್ಮನೆ ಹಿತ್ತಲಲ್ಲಾ?"

"ಹಿತ್ತಲಲ್ಲಿ ಜಾಗ ಇದ್ರೆ ನಾಳೆನೇ ಅಳತೆಗೆ ಬರ್ತೀವಿ ಸಾರ್."

ಸಭೆ ನಕ್ಕಿತು, ಆದರೆ ನಗುವಿನಿಂದ ಯಾವುದೂ ಹಗುರವಾಗಲಿಲ್ಲ. ಪ್ರವಾಸಿಗಳು ಬರುವುದು ಕಾರಂಜಿ ನೋಡಲೋ ಹರಕು ಬಲೆ ನೋಡಲೋ ಎಂದು ಒಬ್ಬ ಸದಸ್ಯರು ಗುಡುಗಿದರು. ಮೇಡಂ ಶಾಂತವಾಗಿ, "ಅವರು ಬರೋದು ಊರು ನೋಡೋಕೆ ಸಾರ್. ಊರನ್ನೇ ಎತ್ತಿ ಆಚೆ ಇಟ್ರೆ ಏನ್ ನೋಡ್ತಾರೆ, ನನ್ನ ನಿಮ್ಮ ಮುಖಾನಾ?" ಎಂದು ಕುಳಿತುಕೊಂಡರು. ಉದ್ಘಾಟನೆ ಮುಂದಕ್ಕೆ ಹೋಯಿತು. ಪತ್ರಿಕೆಗಳು ಲೇವಡಿ ಮಾಡಿದವು. ರಾಜಧಾನಿಯ ಹುದ್ದೆ, ತಪ್ಪನ್ನೇ ಮಾಡದ, ಅಂದರೆ ಏನನ್ನೂ ಕಟ್ಟದ, ಮಹನೀಯರೊಬ್ಬರ ಪಾಲಾಯಿತು. ಆ ಸುದ್ದಿ ಬಂದ ದಿನ ಮೇಡಂ ನನ್ನನ್ನು ಚಹಾಕ್ಕೆ ಕರೆದು, ಆ ವಿಷಯ ಬಿಟ್ಟು ಮಿಕ್ಕೆಲ್ಲವನ್ನೂ ಮಾತಾಡಿದರು. ಖಾಲಿ ಲೋಟವನ್ನೇ ಎರಡು ಸಲ ತುಟಿಗೆ ಎತ್ತಿದರು. ನಾನು ಏನನ್ನಾದರೂ ಉತ್ಪ್ರೇಕ್ಷಿಸಬಲ್ಲೆ, ಅದನ್ನು ಮಾತ್ರ ಇದ್ದ ಹಾಗೆಯೇ ಬರೆದಿದ್ದೇನೆ.

ಆ ಬಿಡುವಿನ ತಿಂಗಳುಗಳುದ್ದಕ್ಕೂ ಅವರು ಬಲೆಗಳ ನಡುವೆ ಕುಳಿತು ಹೊಸ ನಕ್ಷೆ ಮಾಡಿದರು. ಬಲೆಯ ಎಳೆ ಸಿಕ್ಕಿಕೊಳ್ಳದ ನುಣುಪು ಕಲ್ಲಿನ ನೆಲ. ನಡುವೆ ಒಂದೂ ದೀಪದ ಕಂಬವಿಲ್ಲ. ಬಲೆ ಬಿಗಿಯಲು ನೆಲದ ಮಟ್ಟಕ್ಕೆ ಹುದುಗಿಸಿದ ಉಂಗುರಗಳು. ಹೆಣೆಯುವವರಿಗೆ ಒಂದು ಬದಿಯಲ್ಲಿ ನೆರಳಿನ ಮಾಡು. ಸುತ್ತ ಮೂರು ಕಡೆ ಯಾರು ಬೇಕಾದರೂ ಕೂರಬಹುದಾದ ಅಗಲವಾದ ಮೆಟ್ಟಿಲುಗಳು. ಬಲೆ ಕಡಲಿಗೆ ಹೋದಾಗ ಅದೇ ನೆಲ ಮಕ್ಕಳ ಆಟಕ್ಕೆ, ಹಾಡಿಗೆ, ನಾಟಕಕ್ಕೆ. ಬಲೆ ಬಂದಾಗ ಬಲೆಗೆ. ಈಗ ಪ್ರವಾಸಿಗಳು ಹೆಚ್ಚು ಬರುವುದೇ ಬಿಡುವಿನ ತಿಂಗಳಲ್ಲಿ. ಬಂದವರು ಸುಮ್ಮನೆ ನೋಡಿಕೊಂಡು ಹೋಗುವಂತಿಲ್ಲ. ಸೂಜಿಯಕ್ಕ ಕರೆಯುತ್ತಾಳೆ: "ಸ್ವಲ್ಪ ಆ ತುದಿ ಹಿಡ್ಕೊಳ್ಳಪ್ಪಾ ದೊರೆ. ನಿನ್ನ ಕ್ಯಾಮೆರಾ ಎಲ್ಲೂ ಓಡ್ಹೋಗಲ್ಲ." ದೂರದ ದೇಶಗಳ ಡಾಕ್ಟರುಗಳು, ವಕೀಲರು, ಹೊಸದಾಗಿ ಮದುವೆಯಾದ ಜೋಡಿಗಳು ಬಲೆಯ ತುದಿ ಹಿಡಿದು ವಿಧೇಯರಾಗಿ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಬ್ಬ ಚಕ್ರವರ್ತಿಯೂ ಹಿಡಿದಿದ್ದ. ಪ್ರಮಾಣ ಮಾಡೆಂದರೆ ಚಕ್ರವರ್ತಿಯಂಥ ಮೀಸೆಯವನು ಎಂದು ತಿದ್ದಿಕೊಳ್ಳುತ್ತೇನೆ.

ಈ ಗ್ರಂಥ ಬಿಡುಗಡೆಯಾಗುವ ಸಮಾರಂಭಕ್ಕೆ ಆ ಅಂಗಳಕ್ಕಿಂತ ತಕ್ಕ ಸ್ಥಳವಿಲ್ಲವೆಂದು ಅಭಿನಂದನ ಸಮಿತಿ ಒಮ್ಮತದಿಂದ ತೀರ್ಮಾನಿಸಿತು. ಸಮಿತಿಯ ಪ್ರಾಣ, ಬೆನ್ನೆಲುಬು ಮತ್ತು ಮೆದುಳು ನಾನೇ ಆದ್ದರಿಂದ ಕಳೆದ ವಾರ ಅಲ್ಲಿಗೆ ಹೋದೆ. ಬಿಡುವಿನ ತಿಂಗಳು, ಬಲೆಗಳು ಹರಡಿದ್ದವು.

"ಅಕ್ಕಾ, ಮೇಡಂ ಅವರ ಸನ್ಮಾನ. ಒಂದೇ ಒಂದು ದಿನ ಬಲೆ ಎತ್ತಿಡಿ. ವೇದಿಕೆ ಹಾಕ್ಬೇಕು."

ಸೂಜಿಯಕ್ಕ ತಲೆಯೆತ್ತಲಿಲ್ಲ. "ಆಗಲ್ಲ."

"ಅಕ್ಕಾ, ಈ ಅಂಗಳ ಉಳಿಸಿಕೊಟ್ಟವರೇ ಅವರು!"

"ಗೊತ್ತಪ್ಪಾ. ನನಗೆ ಹೇಳ್ಕೊಡ್ಬೇಡ. ಅವರ ಮೇಲೆ ಪ್ರಾಣ ಇಟ್ಕೊಂಡಿದ್ದೀವಿ. ಆದ್ರೆ ಬಲೆ ಒದ್ದೆ ಇದೆ, ಎತ್ತೋದಿಲ್ಲ. ಆ ಮೆಟ್ಟಿಲ ಮೂಲೇಲಿ ಮಾಡ್ಕೊಳ್ಳಿ, ನಾವೂ ಇಲ್ಲಿಂದ್ಲೇ ಚಪ್ಪಾಳೆ ತಟ್ತೀವಿ."

ಅವಮಾನದಿಂದ ಕುದಿಯುತ್ತ ಗಡಿಯಾರದಂಗಡಿಯ ಮೆಟ್ಟಿಲು ಹತ್ತಿ ಮೇಡಂ ಅವರಿಗೆ ಇದನ್ನೆಲ್ಲ ಬಣ್ಣ ಕಟ್ಟದೆ ವರದಿ ಮಾಡಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಹೇಳಿದರು: "ಎತ್ತಿಟ್ಟಿದ್ರೆ ನಾನು ಬರ್ತಾನೇ ಇರ್ಲಿಲ್ಲ. ನನಗೋಸ್ಕರ ಎತ್ತಿದವರು ನಾಳೆ ಇನ್ಯಾರಿಗೋಸ್ಕರಾನೋ ಎತ್ತಬೇಕಾಗುತ್ತೆ. ಅವರದೇ ಜಾಗ ಅಂತ ಅವರಿಗೆ ಗಟ್ಟಿಯಾಗಿದೆಯಲ್ಲ, ಸಾಕು. ಮೆಟ್ಟಿಲ ಮೂಲೇಲೇ ಮಾಡಿ."

ಹಾಗಾಗಿ ಈ ಗ್ರಂಥ ಮೆಟ್ಟಿಲ ಮೂಲೆಯಲ್ಲಿ ಬಿಡುಗಡೆಯಾಗುತ್ತಿದೆ. ಅಂಗಳದ ಉತ್ತರಕ್ಕೆ ಇನ್ನೂ ಬೀಗ ಬಿದ್ದ ಗೋದಾಮುಗಳಿವೆ, ಹೂಳು ತುಂಬಿದ ಹಳೆಯ ದೋಣಿಗಾಲುವೆಯಿದೆ. ನಿವೃತ್ತಿಯ ಮರುದಿನ ಆ ಕಡೆ ನಡೆದು ನೋಡಿ ಬರೋಣವೆಂದು ಮೇಡಂ ಈಗಾಗಲೇ ನನಗೆ ಹೇಳಿಯಾಗಿದೆ. ಅವರ ಕಾಲುಗಳಿಗೆ ಆ ಕಾಲುವೆಯ ಕೊನೆಯವರೆಗೂ, ಅಲ್ಲಿಂದಾಚೆಗೂ ನಡೆಯುವಷ್ಟು ಕಸುವಿರಲಿ. ಯಜಮಾನರೂ ಮಗಳೂ ಜೊತೆಗಿದ್ದು, ಅಡುಗೆಮನೆಯ ನಲ್ಲಿ ಅವರ ಬಿಡುವಿಗಾಗಿ ಇನ್ನೂ ಬಹುಕಾಲ ಕಾಯುತ್ತಿರಲಿ. ಮುಂದೆಯೂ ಅವರು ಈ ಊರಿಗೆ ಒಳ್ಳೆಯದನ್ನು ಮಾಡುತ್ತಿರಲಿ. ಮತ್ತು ಅವರು ನಿಂತಲ್ಲೆಲ್ಲ, ಗೌರವದಿಂದಲೇ, ಪ್ರೀತಿಯಿಂದಲೇ, ತನ್ನ ಜಾಗ ಬಿಟ್ಟು ಏಳುವುದಿಲ್ಲ ಎನ್ನುವ ಒಬ್ಬರಾದರೂ ಎದುರಿಗಿರಲಿ.