ಚಳ್ಳಕೆರೆಯಿಂದ ತಂದ ತಣ್ಣನೆ ಬಾಟಲಿ

ಮಳೆ ಬಿದ್ದು ಹುಲ್ಲು ಚಿಗುರಿದ ವಾರದಲ್ಲೇ ನಮ್ಮ ಕುರಿ ಮಂದೆಯಲ್ಲಿ ಎರಡು ಮರಿ ಸತ್ತವು. ಬಡಕಲು ಮರಿಗಳಲ್ಲ, ಮೈಕೈ ತುಂಬಿಕೊಂಡಿದ್ದವು. ಸಂಜೆ ಹೊಟ್ಟೆ ತುಂಬ ಮೇದು ಬಂದವು, ಬೆಳಿಗ್ಗೆ ಕಾಲು ಸೆಟೆದುಕೊಂಡು ಬಿದ್ದಿದ್ದವು. ಕರುಳುಬೇನೆ ಅಂತ ನೋಡಿದ ಕೂಡಲೇ ಗೊತ್ತಾಯಿತು. ಲಸಿಕೆ ಚಳ್ಳಕೆರೆಯಲ್ಲಿ ಸಿಗುತ್ತದೆ, ತಂದರೆ ಸಂಜೆ ಬಂದು ಹಾಕುತ್ತೇನೆ ಎಂದು ನಮ್ಮ ಕೊಂಡ್ಲಹಳ್ಳಿಯ ದನದ ಆಸ್ಪತ್ರೆಯ ಕಾಂಪೌಂಡರ್ ಹೇಳಿದ.

ನನ್ನ ಮೈದುನ ಪಾಲಯ್ಯ ನಕ್ಕ. "ಅತ್ತಿಗೆ, ಸೂಜಿ ನೀರಿಗೆ ಅಷ್ಟು ದೂರ ಹೋಗ್ತೀಯಾ? ಕುಡುಗೋಲು ಕಾಸಿ ಹೊಟ್ಟೆ ಮೇಲೆ ಬರೆ ಎಳೆದ್ರೆ ಆತು."

"ನಾನು ಬರೋದ್ರೊಳಗೆ ಒಂದು ಕುರಿ ಮುಟ್ಟಿದ್ರೆ ಆ ಬರೆ ನಿನ್ನ ಹೊಟ್ಟೆ ಮೇಲೆ ಎಳೀತೀನಿ."

"ಹೊತ್ತು ಮುಳುಗೋವರೆಗೂ ಕಾಯ್ತೀನಿ. ಆಮೇಲೆ ನಿನ್ನ ಮಾತು ಕೇಳಲ್ಲ," ಎಂದ. ಮಾಡುವವನೇ. ಅವನ ಕೈಯಲ್ಲಿ ಬರೆ ತಿಂದ ಕುರಿಗಳು ಹುಣ್ಣಾಗಿ ನರಳುವುದನ್ನು ನಾನು ಹಿಂದೆಯೂ ನೋಡಿದ್ದೆ.

ಮಗಳ ಬಾಣಂತನದಲ್ಲಿ ಬಿಸಿನೀರಿಗೆಂದು ಕೊಂಡಿದ್ದ ಅಗಲ ಬಾಯಿಯ ಫ್ಲಾಸ್ಕು ಹಿಡಿದು ಹೊರಟೆ. ಬಿ.ಜಿ. ಕೆರೆವರೆಗೆ ಟೆಂಪೋ, ಅಲ್ಲಿಂದ ಬಳ್ಳಾರಿ ಕಡೆಯಿಂದ ಬಂದ ಬಸ್ಸು. ಹಿರೇಹಳ್ಳಿ, ತಳಕು ದಾಟುವವರೆಗೂ ಕೆಂಪು ಹೊಲದಲ್ಲಿ ಶೇಂಗಾ ಬಿತ್ತುವವರೇ ಕಂಡರು. ಮಳೆ ಬಂದು ಹೋದರೂ ಬಿಸಿಲು ಚುರುಗುಟ್ಟುತ್ತಿತ್ತು.

"ಅಜ್ಜಿ, ಕಾಫಿ ಐತಾ ಅದರಾಗೆ?" ಎಂದು ಕಂಡಕ್ಟರ್ ಕೇಳಿದ.

"ಈಗ ಖಾಲಿ ಐತೆ. ಬರ್ತಾ ಕುರಿ ಔಷಧ ಇರ್ತತೆ, ಆಗ ಕುಡಿಯಂತೆ."

ಚಳ್ಳಕೆರೆಯಲ್ಲಿ ಇಳಿದಾಗ ಎಣ್ಣೆ ಮಿಲ್ಲಿನ ಹಿಂಡಿ ವಾಸನೆ ಮೂಗಿಗೆ ಬಡಿಯಿತು. ಮಂಡಕ್ಕಿ ಒಗ್ಗರಣೆ ತಿಂದು ದನದ ಡಾಕ್ಟರ ಹತ್ತಿರ ಹೋದೆ. ಸಣ್ಣ ವಯಸ್ಸಿನವರು, ಸಿಡುಕಿಲ್ಲ. ಒಂದೊಂದು ಕುರಿಗೂ ಎರಡೂವರೆ ಎಂ.ಎಲ್., ಚರ್ಮದ ಕೆಳಗೆ, ಎಂದರು.

"ಟಗರಿಗೂ ಮೂರು ತಿಂಗಳ ಮರಿಗೂ ಒಂದೇ ಅಳತೆನಾ? ಜಂತಿನ ಔಷಧ ಹಂಗೆ ಕುಡಿಸಲ್ಲ ನಾವು," ಎಂದೆ.

"ಜಂತಿನ ಔಷಧ ಮೈ ತೂಕದ ಮೇಲೆ ಅಜ್ಜಿ. ಇದು ಹುಳ ಕೊಲ್ಲೋದಲ್ಲ. ರೋಗ ಬಂದರೆ ಹೆಂಗೆ ತಡೀಬೇಕು ಅಂತ ಮೈಗೆ ಕಲಿಸೋದು. ಕಲಿಯೋಕೆ ಎರಡು ವಾರ ಬೇಕು. ಅಲ್ಲೀವರೆಗೂ ಎಳೆ ಹುಲ್ಲಿಗೆ ಬಿಡಬೇಡಿ, ಅದನ್ನ ಹೆಚ್ಚಿಗೆ ಮೇದರೇ ಈ ರೋಗ ಏಳೋದು. ಆಮೇಲೆ ಇನ್ನೊಂದು ಸಲ ಹಾಕಿಸಿ."

ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಮಂಜುಗಡ್ಡೆಯ ಚೂರುಗಳ ನಡುವೆ ಫ್ಲಾಸ್ಕಿನಲ್ಲಿಟ್ಟರು. "ತಣ್ಣಗಿರಬೇಕು, ಆದರೆ ಗಡ್ಡೆ ಕಟ್ಟಬಾರದು. ಕಟ್ಟಿದರೆ ಕೆಟ್ಟಿತು. ಅನುಮಾನ ಬಂದರೆ ಅಲ್ಲಾಡಿಸಿ ಇಡಿ. ಒಡೆದ ಹಾಲಿನ ಹಾಗೆ ಚೂರುಚೂರಾಗಿ ಬೇಗ ತಳ ಸೇರಿದರೆ ಚೆಲ್ಲಿಬಿಡಿ."

ತಿರುಗಿ ಬರುವಾಗ ತಳಕು ದಾಟಿದ ಮೇಲೆ ಬಸ್ಸಿನ ಚಕ್ರ ಪಂಕ್ಚರಾಯಿತು. ನೆರಳಿಗೆ ಒಂದು ಜಾಲಿ ಮರ, ಅದರ ಕೆಳಗೆ ಬಸ್ಸಿನ ಮಂದಿಯೆಲ್ಲ. ಫ್ಲಾಸ್ಕು ಬಿಚ್ಚಿ ನೋಡಿದೆ. ಮಂಜುಗಡ್ಡೆ ಕರಗಿ ನೀರಾಗುತ್ತಿತ್ತು. ಹೊತ್ತೂ ಇಳಿಯುತ್ತಿತ್ತು.

ಅಷ್ಟರಲ್ಲಿ ಸೈಕಲ್ಲಿನಲ್ಲಿ ಐಸ್‌ಕ್ಯಾಂಡಿಯವನು ಬಂದ. ಮಂಜುಗಡ್ಡೆ ಕೇಳಿದೆ. ನಾನು ಬಾಟಲಿ ಅವನ ಕೈಗೆ ಕೊಟ್ಟು ಫ್ಲಾಸ್ಕಿನ ನೀರು ಬಗ್ಗಿಸುವಷ್ಟರಲ್ಲಿ ಆ ಪುಣ್ಯಾತ್ಮ ಬಾಟಲಿಯ ಬಟ್ಟೆ ಬಿಚ್ಚಿ ತನ್ನ ಡಬ್ಬಿಯೊಳಗೆ ಹೂತಿಟ್ಟುಬಿಟ್ಟಿದ್ದ.

"ಉಪ್ಪು ಹಾಕಿದ ಐಸು ಅವ್ವಾ, ಕಲ್ಲಾಗ್ತತೆ ನೋಡು!" ಎಂದ, ಹೆಮ್ಮೆಯಿಂದ.

"ಕಲ್ಲಾದ್ರೆ ನಿನ್ನ ತಲೆಗೇ ಹೊಡೀತೀನಿ, ತೆಗಿ!" ಎಂದು ನಾನೇ ಕೈ ಹಾಕಿ ಕಿತ್ತುಕೊಂಡೆ. ಗಾಜಿನ ಮೇಲೆ ಬಿಳಿ ಹಿಟ್ಟು ಹಿಡಿದಂತೆ ಮಂಜು ಕೂತಿತ್ತು. ಒಳಗೆ ಕಟ್ಟಿತೋ ಇಲ್ಲವೋ ಗೊತ್ತಾಗಲಿಲ್ಲ. ಉಪ್ಪು ಹಾಕದೆ ಗೋಣಿಯಲ್ಲಿ ಬೇರೆ ಇಟ್ಟಿದ್ದ ಗಡ್ಡೆಯನ್ನು ತೆಗೆಸಿ, ಬಾಟಲಿಗೆ ಮತ್ತೆ ಬಟ್ಟೆ ಸುತ್ತಿ ಫ್ಲಾಸ್ಕಿಗೆ ಹಾಕಿದೆ. ಅವನು ದುಡ್ಡು ಬೇಡವೆಂದ. ಒಂದು ಕ್ಯಾಂಡಿ ಕೊಂಡು ತಿಂದೆ.

ಊರು ಮುಟ್ಟಿದಾಗ ಹೊತ್ತು ಗುಡ್ಡದ ತಲೆಯ ಮೇಲಿತ್ತು. ಕಾಂಪೌಂಡರ್ ಬಂದು ಕಲ್ಲಿನ ಮೇಲೆ ಕೂತಿದ್ದ. ಪಾಲಯ್ಯ ಆಗಲೇ ಒಲೆಯಲ್ಲಿ ಕುಡುಗೋಲು ಇಟ್ಟಿದ್ದ, ತುದಿ ಕೆಂಪಾಗಿತ್ತು.

ನಡೆದದ್ದು ಹೇಳಿದೆ. ಕಾಂಪೌಂಡರ್ ಬಾಟಲಿ ಅಲ್ಲಾಡಿಸಿ ಕಟ್ಟೆಯ ಮೇಲಿಟ್ಟ. ಮೂವರೂ ನೋಡುತ್ತ ಕೂತೆವು. ಚಾ ಕಾಸಿ ಕುಡಿದೆವು.

"ತಳಕ್ಕೆ ಇಳೀತೈತೆ," ಎಂದ ಪಾಲಯ್ಯ.

"ನಿನ್ನ ಕಣ್ಣು ಇಳೀತೈತೆ. ಸುಮ್ನಿರು."

ಬಾಟಲಿಯೊಳಗೆ ಮಜ್ಜಿಗೆಯಂತೆ ಮೇಲಿನಿಂದ ಕೆಳಗೆ ಒಂದೇ ಸಮ ಬೆಳ್ಳಗಿತ್ತು. ಮೇಲೆ ತಿಳಿನೀರು ನಿಲ್ಲಲಿಲ್ಲ. "ಕೆಟ್ಟಿಲ್ಲ," ಎಂದು ಕಾಂಪೌಂಡರ್ ಸಿರಿಂಜು ತೆಗೆದ. ಫ್ಲಾಸ್ಕಿನಲ್ಲಿ ಉಳಿದ ತಣ್ಣೀರನ್ನು ಕುಡುಗೋಲಿನ ಮೇಲೆ ಸುರಿದೆ. ಚುಂಯ್ ಎಂದಿತು.

"ಮೊದಲು ನಿನ್ನ ಟಗರು ಹಿಡಿ," ಎಂದೆ. ಹಿಡಿದ.

ಆ ವಾರ ಇನ್ನೊಂದು ಮರಿ ಸತ್ತಿತು. ಲಸಿಕೆ ಇನ್ನೂ ಮೈಗೆ ಹತ್ತಿರಲಿಲ್ಲ. ಎಳೆ ಹುಲ್ಲಿಗೆ ಬಿಡದೆ ಒಣ ಮೇವು ಹಾಕಿದೆವು. ಆಮೇಲೆ ಸಾವು ನಿಂತಿತು. ಎರಡನೇ ಸಲದ ಲಸಿಕೆಗೆ ಪಾಲಯ್ಯನೇ ಚಳ್ಳಕೆರೆಗೆ ಹೊರಟ. ಫ್ಲಾಸ್ಕು ಕಂಕುಳಲ್ಲಿ ಇಟ್ಟುಕೊಂಡು, ಉಪ್ಪು ಹಾಕಿದ ಐಸು ಮುಟ್ಟಿಸಬಾರದು ಗೊತ್ತಾ ಅತ್ತಿಗೆ, ಎಂದು ನನಗೇ ಹೇಳಿ ಟೆಂಪೋ ಹತ್ತಿದ.