ಕಟ್ಟೆಯ ಮೇಲಿನ ಟವೆಲ್

ಹೊನ್ನಾಳಿಯ ಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ರೋಮಿನ ಪಾಠ ಬಂದಾಗಲೆಲ್ಲ ‘ಡಿಸೆಮ್ವಿರ್’ ಎಂದು ಬೋರ್ಡಿನ ಮೇಲೆ ಬರೆದು, ಹತ್ತು ಜನರ ಆಡಳಿತ ಮಂಡಳಿಯ ಒಬ್ಬ ಸದಸ್ಯ ಎಂದು ವಿವರಿಸುತ್ತೇನೆ. ಮಕ್ಕಳ ತಲೆಗೆ ಏನೂ ಹೋಗಿರುವುದಿಲ್ಲ. “ನಮ್ಮೂರ ಕಡೆ ಪಂಚರು ಇರ್ತಾರಲ್ಲ, ಹಂಗೆ” ಎಂದರೆ ತಕ್ಷಣ ತಿಳಿಯುತ್ತದೆ. ಅಲ್ಲಿಂದ ಮುಂದೆ ಪಾಠ ಮಾಡಲು ನನಗೇ ಮನಸ್ಸಾಗುವುದಿಲ್ಲ.

ನ್ಯಾಮತಿ ಹತ್ತಿರದ ನಮ್ಮ ಹಳ್ಳಿಯ ಐವರು ಪಂಚರಲ್ಲಿ ಅಪ್ಪನೂ ಒಬ್ಬ. ಐವರೂ ಒಪ್ಪದೆ ಯಾವ ತೀರ್ಮಾನವೂ ಆಗುತ್ತಿರಲಿಲ್ಲ. ತನ್ನ ಮನೆಯದೇ ನ್ಯಾಯ ಬಂದರೆ ಪಂಚನಾದವನು ನ್ಯಾಯದ ಕಟ್ಟೆಯ ಮೇಲೆ ಕೂರುವಂತಿಲ್ಲ. ತನ್ನ ಜಾಗದಲ್ಲಿ ಹೆಗಲ ಟವೆಲ್ ಇಟ್ಟು ಕೆಳಗೆ ನಿಲ್ಲಬೇಕು. ಟವೆಲ್ ಅಲ್ಲೇ ಇದ್ದರೆ ಅವನೂ ಒಪ್ಪಿದ ಎಂದರ್ಥ. ಒಪ್ಪಿಗೆ ಇಲ್ಲದಿದ್ದರೆ ಎತ್ತಿಕೊಂಡರೆ ಸಾಕು, ಸಭೆ ಮುರಿಯುತ್ತದೆ.

ಜಗಳೂರು ಕಡೆ ಕೊಟ್ಟಿದ್ದ ಅಕ್ಕ ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದಳು. ಕೆನ್ನೆ ಊದಿತ್ತು. ಇನ್ನು ಇಲ್ಲೇ ಇರುತ್ತೇನೆ ಎಂದಳು. ಗಂಡನ ಕಡೆಯವರು ಕಟ್ಟೆಗೆ ನ್ಯಾಯ ತಂದರು. ನಾಲ್ವರು ಎಲೆ ಅಡಿಕೆ ಜಗಿಯುತ್ತ, “ಗಂಡ ಹೆಂಡ್ತಿ ಅಂದ್ಮ್ಯಾಲೆ ಇವೆಲ್ಲ ಇರೋವೇ. ಹೋಗಿ ಬಾಳ್ವೆ ಮಾಡವ್ವ” ಅಂದರು. ಐದನೆಯ ಜಾಗದಲ್ಲಿ ಟವೆಲ್ ಇತ್ತು. ಅಕ್ಕ ಆ ನಾಲ್ವರ ಕಡೆ ನೋಡಲೇ ಇಲ್ಲ, ಅಪ್ಪನ ಕೈಯನ್ನೇ ನೋಡುತ್ತಿದ್ದಳು. ಆ ಕೈ ಕದಲಲಿಲ್ಲ. ಊರ ಮರ್ಯಾದೆಯನ್ನೆಲ್ಲ ತಾನೇ ಹೊತ್ತವನಂತೆ ನಿಂತಿದ್ದ, ದೊಡ್ಡ ಮನುಷ್ಯ! ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ವಾಪಸ್ ಹೋದ ವರ್ಷವೇ ಏಟು ಬಿದ್ದು ಅಕ್ಕನ ಎಡಗಿವಿ ಹೋಯಿತು. ಫೋನನ್ನು ಬಲಗಿವಿಗೆ ಹಿಡಿದು ಅವ್ವನ ಜೊತೆ, ನನ್ನ ಜೊತೆ ಮಾತಾಡುತ್ತಿದ್ದಳು. ಅಪ್ಪ ಫೋನಿಗೆ ಕೈ ಚಾಚಿದರೆ ಅಷ್ಟರಲ್ಲಿ ಇಟ್ಟುಬಿಟ್ಟಿರುತ್ತಿದ್ದಳು.

ಮೊನ್ನೆ ಅಪ್ಪ ತೀರಿಕೊಂಡ. ಅಕ್ಕ ಬಂದಳು, ಅಳಲಿಲ್ಲ. ಮಣ್ಣಿಗೆ ಒಯ್ಯುವ ಮುಂಚೆ ಪಂಚರಲ್ಲಿ ಹಿರಿಯರೊಬ್ಬರು ಅವ್ವನ ಹತ್ತಿರ ಬಂದು, “ಅವರ ಟವೆಲ್ ಕೊಡವ್ವ. ನಾಡಿದ್ದು ಒಂದು ಹೆಣ್ಣುಮಗಳ ನ್ಯಾಯ ಐತೆ. ಬೇರೆಯವ್ರು ಬರೋಗಂಟ ಆ ಜಾಗದಾಗೆ ಇಡಾಕೆ ಬೇಕು” ಎಂದರು. ಅವ್ವ ಗೂಟದಿಂದ ತೆಗೆದು ಕೊಡಲು ಹೋದಳು. ಅಕ್ಕ ಕಿತ್ತುಕೊಂಡಳು. ಗುಂಡಿಯ ತನಕ ಅದನ್ನು ಕೈಬಿಡಲಿಲ್ಲ. ನಮ್ಮ ಪದ್ಧತಿಯಂತೆ ಅಪ್ಪನನ್ನು ಗುಂಡಿಯೊಳಗೆ ಕೂರಿಸಿದ ಮೇಲೆ ಅವನ ತೊಡೆಯ ಮೇಲೆ ಹಾಕಿ, ಹಿರಿಯರ ಕಡೆ ತಿರುಗಿದಳು.

“ಇದು ಅಲ್ಲಿ ಬ್ಯಾಡ್ರಿ. ಆ ಹುಡುಗಿಗೂ ಹೂಂ ಅಂದ್ಬಿಡ್ತೈತೆ.”