ಮಾಮಾ ಜೈನಬುವಿನ ಬೆರಳು

ಮತದಾನದ ಮರುದಿನ ಬೆಳಿಗ್ಗೆ ನಮ್ಮ ಓಣಿಯ ಮೀನಿನ ಕಟ್ಟೆಯ ಮೇಲೆ ಒಂದು ತೋರುಬೆರಳು ಬಿದ್ದಿತ್ತು. ಉಗುರಿಗೆ ನೇರಳೆ ಶಾಯಿ. ಅದರ ಒಡೆಯ, ಬ್ರೆಡ್ ಮಾರುವವ, ಕೈಗೆ ಅಂಗಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿದ್ದ.

ಆಫ್ರಿಕಾದ ಈ ಪುಟ್ಟ ದ್ವೀಪದ ಸಂಸತ್ ಚುನಾವಣೆಯನ್ನು ಒಂದು ಬಣ ಬಹಿಷ್ಕರಿಸಿತ್ತು. ಮತ ಹಾಕಿದವರ ಬೆರಳು ಕಡಿಯುವುದು ಆ ಬಣದವರು ಕೈಗೊಂಡ ಪವಿತ್ರ ಕಾರ್ಯ. ನಮ್ಮ ರಾಣೇಬೆನ್ನೂರಿನ ಕಡೆ ಶಾಯಿ ಹತ್ತಿದ ಬೆರಳಿನ ಫೋಟೊ ತೆಗೆದು ಮಂದಿಗೆ ತೋರಿಸುತ್ತೇವೆ. ಇಲ್ಲಿ ಬೆರಳು ಜೇಬಿನಲ್ಲಿರಬೇಕು.

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿಯಾಗಿದ್ದ ನಾನು ಇಲ್ಲಿ ಲವಂಗ ಕೊಳ್ಳುವ ಕಂಪನಿಯಲ್ಲಿದ್ದೇನೆ. ಮನೆಯೊಡತಿ ಮಾಮಾ ಜೈನಬು. ಇಲ್ಲಿ ಮಾಮಾ ಎಂದರೆ ತಾಯಿ. ಮುದುಕಿಯೊಬ್ಬಳನ್ನು ಹಾಗೆ ಕರೆಯಲು ನನ್ನ ನಾಲಿಗೆ ಬಹಳ ದಿನ ಒಪ್ಪಲಿಲ್ಲ. ಆಕೆ ಮತ ಹಾಕಿದ್ದಳು. ಶಾಯಿ ಸೋಪಿಗೂ ಸೀಮೆಎಣ್ಣೆಗೂ ಜಗ್ಗಲಿಲ್ಲ.

ಮಧ್ಯಾಹ್ನ ಪಾಂಗಾ ಹಿಡಿದ ಗುಂಪು ಪಕ್ಕದ ಮನೆಗೆ ನುಗ್ಗಿತು. ಪಾಂಗಾ ಎಂದರೆ ನಮ್ಮ ಕಬ್ಬು ಕಡಿಯುವ ಕೊಯ್ತಾದ ಅಣ್ಣ. ಅಲ್ಲಿನ ಕಿರುಚಾಟ ನಡುವೆಯೇ ನಿಂತುಹೋಯಿತು. ಮಾಮಾ ನಮ್ಮ ಅಡುಗೆಮನೆಗೆ ಓಡಿಬಂದಳು. ಅಲ್ಲಿ ನನ್ನ ಹೆಂಡತಿ ಗಂಗವ್ವ, ಊರಿನಿಂದ ತಂದ ಮೆಣಸಿನಕಾಯಿ ನೆನೆಸಿ, ಒಳಕಲ್ಲಿನಲ್ಲಿ ಕೆಂಪು ಖಾರ ಅರೆಯುತ್ತಿದ್ದಳು.

"ಪೊಲೀಸರಿಗೆ ಫೋನ್ ಹಚ್ಚಲೇನ?" ಎಂದೆ.

"ಅವ್ರು ಬರೂದ್ರಾಗ ಈಕಿ ಬೆರಳು ಇರಂಗಿಲ್ರಿ. ಸರೀರಿ ಆಕಡೆ," ಎಂದವಳೇ ಮಾಮಾಳ ಕೈಗಳನ್ನು ಮಣಿಕಟ್ಟಿನವರೆಗೆ ಖಾರದಲ್ಲಿ ಅದ್ದಿದಳು. "ಅರಕೋತ ಕುಂದ್ರು, ಯವ್ವಾ." ಭಾಷೆ ತಿಳಿಯದಿದ್ದರೂ ಮಾಮಾ ಅರೆಯತೊಡಗಿದಳು.

ಬಾಗಿಲು ಮುರಿದುಬಿತ್ತು. ಮುಂದಿದ್ದವನು ಪಾಂಗಾದ ಹಿಡಿಯಿಂದ ನನ್ನ ಬಾಯಿಗೆ ಹೊಡೆದ. ಎರಡು ಹಲ್ಲು ದ್ವೀಪಕ್ಕೆ ಅರ್ಪಣೆಯಾದವು. ಮಾಮಾಳ ಕೈ ಜಗ್ಗಿ ನೋಡಿದ. ಹತ್ತೂ ಬೆರಳು ರಕ್ತಗೆಂಪು. ಅಂಗೈಯಿಂದ ತಿಕ್ಕಿದ. ಶಾಯಿ ಕಾಣುವ ಮೊದಲೇ, ಬೆವರೊರೆಸಲು ಅದೇ ಕೈಯನ್ನು ಕಣ್ಣಿಗೆ ಒಯ್ದ.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಗಿರಾಕಿಗಳಿಗೆ ವರ್ಷಗಟ್ಟಲೆ ಸಾರಿದವನು ನಾನು. ಕಣ್ಣಿಗೆ ಹಚ್ಚಿ ನೋಡಿರಲಿಲ್ಲ. ಕುರುಡಾದವನಂತೆ ಪಾಂಗಾ ಬೀಸಿ ಅವನು ತನ್ನ ಗುಂಪಿನವನೊಬ್ಬನದೇ ತೋಳು ಸೀಳಿದ. ಇಬ್ಬರನ್ನೂ ಎಳೆದುಕೊಂಡು ಗುಂಪು ಹೊರಬಿತ್ತು.

ಬ್ರೆಡ್ ಮಾರುವವ ಈಗ ಎಡಗೈಯಿಂದ ಚಿಲ್ಲರೆ ಕೊಡುತ್ತಾನೆ. ಮಾಮಾ ಮೊನ್ನೆ ತೆಂಗಿನಹಾಲಿನ ಅನ್ನ ಬಡಿಸುತ್ತ ತನ್ನ ನೇರಳೆ ಬೆರಳು ಮೇಲೆತ್ತಿ, ನಿನ್ನದೆಲ್ಲಿ ಎಂದು ಸನ್ನೆ ಮಾಡಿದಳು. ಇಲ್ಲಿ ನನಗೆ ಮತವಿಲ್ಲ. ನನ್ನೂರು ಮೋಟೆಬೆನ್ನೂರಿನಲ್ಲಿ ಮತವಿದೆ, ಹಾಕಲು ನಾನಿಲ್ಲ. ಬರಿ ಬೆರಳು ತೋರಿಸಿದೆ.

"ಇದನ್ನ ಎಲ್ಲೂ ಯಾರೂ ಕಡಿಯಂಗಿಲ್ಲ ಬಿಡ್ರಿ," ಎಂದಳು ಗಂಗವ್ವ.